ಎಲೆಮನೆಯ ಹಿಂದಿನ ಹನ್ನೊಂದು ಗಿಡ

ಹಲಾಪ, ಸೆಪ್ಟೆಂಬರ್ 14, 1996

ಶಾಲೆಯ ಮಕ್ಕಳು ಬೆಳಗಿನಿಂದ ಡೋಲು ಬಾರಿಸುತ್ತ ಬೀದಿ ಸುತ್ತುತ್ತಿದ್ದಾರೆ. ಇಲ್ಲಿಯವರ ಸ್ವಾತಂತ್ರ್ಯದ ಹಬ್ಬ ನಾಳೆ, ನನ್ನ ತಲೆನೋವು ಇವತ್ತಿನಿಂದಲೇ.

ಈ ಪುಸ್ತಕ ಎವೇಲಿಯೊ ಕೊಂಡಿಟ್ಟದ್ದು. ಮೊದಲ ಪುಟದಲ್ಲಿ ತನ್ನ ಹೆಸರು ಬರೆದಿದ್ದಾನೆ, ಆಮೇಲೆ ಒಂದಕ್ಷರ ಇಲ್ಲ. ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದ. ಗಂಡ ಬಿಟ್ಟುಹೋದ ಖಾಲಿ ಪುಸ್ತಕವನ್ನು ಏನು ಮಾಡಲಿ? ಮನೆಯಲ್ಲಿ ಮಾತಾಡಲು ಜನ ಇಲ್ಲ, ಅದಕ್ಕೆ ಬರೆಯುತ್ತೇನೆ. ಯಾರೂ ಓದುವುದು ಬೇಡ.

ಇವತ್ತು ಕ್ಯೂಬಾದ ನಮ್ಮೂರಿನಿಂದ ಕಾಗದ ಬಂತು. ಎವೇಲಿಯೊನ ಅಣ್ಣ, ನನ್ನ ಭಾವ ಫಾಬಿಯಾನ್ ಬರೆದದ್ದು. ಎಪ್ಪತ್ತೊಂಬತ್ತು ವರ್ಷ, ಅಕ್ಷರ ಕೋಳಿ ಕೆದರಿದ ಹಾಗಿದೆ. ಸಾನ್ ಹುವಾನ್‌ನಲ್ಲಿ ಎರಡು ವರ್ಷ ಮೇಲಿಂದ ಮೇಲೆ ನೀಲಿ ಬೂಷ್ಟು ಬಂದು ಸಸಿಮಡಿಗಳೆಲ್ಲ ಕರಕಲಾದವಂತೆ. ಈಗ ಎಲ್ಲರ ಹೊಲದಲ್ಲೂ ಹೊಸ ತಳಿ. ಮಾವ ಜೀವಮಾನವೆಲ್ಲ ಕಾದಿಟ್ಟಿದ್ದ ಹಳೆಯ ತಂಬಾಕಿನ ಬೀಜ ಅಲ್ಲಿ ಒಂದು ಚಿಟಿಕೆಯೂ ಉಳಿದಿಲ್ಲ.

“ಒಬ್ದೂಲಿಯಾ, ತಮ್ಮ ಒಯ್ದದ್ದು ನಿನ್ನ ಹತ್ತಿರ ಇದೆಯಲ್ಲ. ಬೆರಳ ತುದಿಯಷ್ಟು ಕಳಿಸು. ಸಾಯುವ ಮೊದಲು ಒಂದು ಸಲ ಅಪ್ಪನ ಗಿಡದ ಎಲೆ ಸೇದಬೇಕು.”

ಓದಿ ನನಗೆ ಎಷ್ಟು ಹೆಮ್ಮೆ ಆಯಿತು ಎಂದರೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಎವೇಲಿಯೊ ಒಯ್ದದ್ದು ಅಂತೆ! ಅರವತ್ತನಾಲ್ಕರಲ್ಲಿ ಆ ಬೀಜ ಸಮುದ್ರ ದಾಟಿದ್ದು ನನ್ನ ತುರುಬಿನೊಳಗೆ, ಔಷಧಿಯ ಪುಟ್ಟ ಸೀಸೆಯಲ್ಲಿ. ಬಂದರಿನಲ್ಲಿ ಎವೇಲಿಯೊನ ಬೂಟು ಬಿಚ್ಚಿಸಿ ಹುಡುಕಿದರು, ನನ್ನ ತಲೆಯ ಕಡೆ ಯಾರೂ ನೋಡಲಿಲ್ಲ. ಹಡಗಿನಲ್ಲಿ ನಾಲ್ಕು ದಿನ ನಾನು ತಲೆ ಬಾಚಲಿಲ್ಲ.

ಈ ವರ್ಷದ ಬಿತ್ತನೆ ಭಾವನಿಗೆ ಹೇಗೂ ತಪ್ಪಿತು. ಡಬ್ಬಿಯಲ್ಲಿರುವುದು ನಮ್ಮ ಮಡಿಗಳಿಗೆ ಸರಿಹೋಗುತ್ತದೆ. ಫೆಬ್ರವರಿಯಲ್ಲಿ ಹೊಸ ಬೀಜ ಮಾಗಲಿ, ಅದನ್ನೇ ಕಳಿಸುತ್ತೇನೆ. ಹಾಗೆಂದು ಮಾತು ಕೊಟ್ಟು ಬರೆದಿದ್ದೇನೆ.

ಸೆಪ್ಟೆಂಬರ್ 22

ಬಿತ್ತಿದೆವು. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿ ಬೀಜದ ಡಬ್ಬಿ ನನ್ನ ಕೈಗೆ ಬಂದದ್ದು. ಬೀಜ ಅವನದು, ಎಲೆ ನನ್ನದು. ನಾವು ಹಾಗೆಯೇ ಕೆಲಸ ಹಂಚಿಕೊಂಡಿದ್ದೆವು. ಎಲೆಮನೆಯಲ್ಲಿ ಎಲೆ ಒಣಗಿ ಹದವಾಗಿ ನನ್ನ ಮೇಜಿಗೆ ಬರುವ ತನಕ ನಾನು ಹೊಲಕ್ಕೆ ಕಾಲಿಟ್ಟವಳಲ್ಲ.

ತಂಬಾಕಿನ ಬೀಜ ಧೂಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಸೀನಿದರೆ ಅರ್ಧ ಎಕರೆ ಹಾರಿಹೋಯಿತು. ಬೂದಿಯಲ್ಲಿ ಕಲಸಿ, ನೀರಿನ ಡಬ್ಬಕ್ಕೆ ಹಾಕಿ, ಮಡಿಯ ಮೇಲೆ ಮಳೆಯಂತೆ ಚಿಮುಕಿಸಬೇಕು. ನಾನು ಒಂದೇ ಕಡೆ ಸುರಿಯುತ್ತಿದ್ದೆ. ತೊಮಾಸಾ ಡಬ್ಬ ಕಿತ್ತುಕೊಂಡಳು.

“ಕೊಡಿ ಇಲ್ಲಿ ದೋನ್ಯಾ. ಹಿಂಗೆ ಹಾಕಿದ್ರೆ ಒಂದ್ಕಡೆ ಕಾಡು, ಒಂದ್ಕಡೆ ಬೋಳು ಆಗುತ್ತೆ.”

“ನಮ್ಮೂರಲ್ಲಿ ಹೆಂಗಸರು ಬಿತ್ತಲ್ಲ.”

“ನಿಮ್ಮೂರಲ್ಲಿ ಏನೇನೋ ಇಲ್ಲ ಬಿಡಿ. ಮೂವತ್ತು ವರ್ಷದಿಂದ ಕೇಳ್ತಾನೇ ಇದೀನಿ.”

ಸಸಿಮಡಿಯ ಕೆಲಸಕ್ಕೆ ಅವಳು ಬಂದಾಗ ಹದಿನಾರು ವರ್ಷ, ಅವತ್ತಿನಿಂದ ನಾನು ಅವಳಿಗೆ ದೋನ್ಯಾ, ಅಂದರೆ ಅಮ್ಮಾವ್ರು. ಈಗ ಮೊಮ್ಮಕ್ಕಳಿದ್ದಾರೆ. ಬಾಯಿ ಮಾತ್ರ ಅದೇ.

ಅಕ್ಟೋಬರ್ 10

ಬಿಡದ ಮಳೆ. ಮೊಳಕೆ ಬಂದಿದೆ, ಹಸಿರು ಹಿಟ್ಟು ಚೆಲ್ಲಿದಂತೆ. ಇಂಥ ದಿನ ಊರು ಬಹಳ ನೆನಪಾಗುತ್ತದೆ. ಹದಿನಾಲ್ಕನೇ ವಯಸ್ಸಿಗೆ ನಾನು ಎಲೆ ವಿಂಗಡಿಸುವ ಮನೆಗೆ ಸೇರಿದ್ದೆ. ಅರವತ್ತು ಹುಡುಗಿಯರು, ಉದ್ದನೆಯ ಮೇಜುಗಳು, ಮೂಲೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತು ಪತ್ರಿಕೆ ಓದಿ ಹೇಳುವವನು. ಕೊಲೆಯ ಸುದ್ದಿ ಬಂದರೆ ಎಲ್ಲರ ಕೈ ನಿಂತು ಮೇಲ್ವಿಚಾರಕಿ ಕೂಗಾಡುತ್ತಿದ್ದಳು. ಹದ ಬಂದ ಎಲೆಯ ವಾಸನೆ ಕೂದಲಿಗೆ ಹತ್ತಿದರೆ ಭಾನುವಾರದ ಪೂಜೆಯಲ್ಲೂ ಹೋಗುತ್ತಿರಲಿಲ್ಲ. ಎವೇಲಿಯೊ ಹಿಂದಿನ ಬೆಂಚಿನಲ್ಲಿ ಕೂತು ಆ ವಾಸನೆಯಿಂದಲೇ ನನ್ನನ್ನು ಗುರುತು ಹಿಡಿದೆ ಎಂದು ಹೇಳುತ್ತಿದ್ದ. ಸುಳ್ಳ. ನನ್ನ ಬೆಂಚಿನಲ್ಲಿ ಇದ್ದ ಹುಡುಗಿಯರೆಲ್ಲ ಅದೇ ವಾಸನೆಯವರು.

ಮಾವ ಎಲೆಯನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಮಗುವಿನ ಕೆನ್ನೆಯ ಹಾಗಿದ್ದರೆ ಸುರುಟಿನ ಹೊದಿಕೆಗೆ, ಇಲ್ಲದಿದ್ದರೆ ಒಳಗೆ ತುಂಬಲಿಕ್ಕೆ.

ಇಲ್ಲಿಗೆ ಬಂದ ಮೂರನೇ ವರ್ಷ ಎವೇಲಿಯೊ ಅದೇ ಬೀಜವನ್ನು ಮೂರು ಕಡೆ ಹಾಕಿದ್ದ. ಹಲಾಪದ ಕೆಂಪು ಮಣ್ಣಿಗೆ, ಎಸ್ತೆಲಿಯ ಕಪ್ಪು ಮಣ್ಣಿಗೆ, ಸರೋವರದ ನಡುವಿನ ದ್ವೀಪದ ಬೆಂಕಿಬೆಟ್ಟದ ಬುಡಕ್ಕೆ. ಎಲೆ ಮೂರೂ ಒಂದೇ ದಿನ ನನ್ನ ಮೇಜಿಗೆ ಬಂತು. ಒಂದೇ ತಾಯಿಯ ಮಕ್ಕಳು ಎಂದು ಆಣೆ ಮಾಡಿದರೂ ನಂಬುವ ಹಾಗಿರಲಿಲ್ಲ. ಎಸ್ತೆಲಿಯದು ಜಗಳಗಂಟ, ಒಂದು ದಮ್ಮಿಗೆ ಗಂಟಲು ಹಿಡಿಯುತ್ತಿತ್ತು. ದ್ವೀಪದ್ದು ಮಣ್ಣುಮಣ್ಣು. ಹಲಾಪದ್ದು ಮಾತ್ರ ಸಿಹಿ, ಊರಿನದಕ್ಕೆ ಹತ್ತಿರ. ಹತ್ತಿರ ಅಷ್ಟೇ, ಅದೇ ಅಲ್ಲ. ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ. ಅದಕ್ಕಿಂತ ಹತ್ತಿರ ಹೋಗಲಾರೆವು ಎಂದು ಇಬ್ಬರಿಗೂ ಅವತ್ತೇ ಗೊತ್ತಾಗಿತ್ತು.

ನವೆಂಬರ್ 2

ಸತ್ತವರ ದಿನ. ತೊಮಾಸಾ ಜೊತೆಯಲ್ಲಿ ಬಂದಳು. ಎವೇಲಿಯೊನ ಗೋರಿಗೆ ಸುಣ್ಣ ಬಳಿದೆವು, ಕಾಗದದ ಹೂ ಇಟ್ಟೆವು. ಗೋರಿಯ ಮುಂದೆ ನಿಂತು ಭಾವನ ಕಾಗದ ಓದಿ ಹೇಳಿದೆ. “ನಿನ್ನಪ್ಪನ ಬೀಜ ಮನೆಗೆ ಹೋಗುತ್ತೆ ಕಣೋ” ಅಂದೆ. ತೊಮಾಸಾ ಸುಣ್ಣದ ಬಕೆಟ್ ಎತ್ತಿಕೊಂಡು ಬೇರೆಯವರ ಗೋರಿಯ ಕಡೆ ಹೋದಳು. ಅವಳ ತಾಯಿಯ ಗೋರಿ ಆ ಕಡೆ ಇಲ್ಲ.

ಸೋಮವಾರದಿಂದ ನಾಟಿ.

ಡಿಸೆಂಬರ್ 17

ಬರೆಯಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಗಿಡ ಎದೆಮಟ್ಟ ಬಂದಿದೆ. ಕುಡಿ ಚಿವುಟುವ ಕಾಲ. ಹೂವಿಗೆ ಬಿಟ್ಟರೆ ಎಲೆಯ ಸತ್ವವೆಲ್ಲ ಮೇಲೆ ಹೋಗುತ್ತದೆ, ಅದಕ್ಕೆ ಎಲ್ಲ ಗಿಡದ ತುದಿ ಮುರಿದು, ಬೀಜಕ್ಕೆಂದು ಇಪ್ಪತ್ತು ಗಿಡ ಮಾತ್ರ ಬಿಡುತ್ತೇವೆ. ಪಕ್ಕದ ಹೊಲದ ಪರಾಗ ಸೋಕದ ಹಾಗೆ ಅವುಗಳ ಹೂಗೊಂಚಲಿಗೆ ಬಟ್ಟೆಯ ಚೀಲ ಕಟ್ಟಬೇಕು. ನಾನು ಚೀಲಗಳನ್ನು ತೋಳಿಗೆ ಹಾಕಿಕೊಂಡು ಸಾಲಿನಲ್ಲಿ ನಡೆದೆ. ಒಂದು ಗಿಡ ನೋಡಿ ಕಾಲು ನಿಂತಿತು. ತೆಳು ಎಲೆ, ಕೂದಲಿನಂಥ ನರ, ಥೇಟ್ ಮಾವನ ಹೊಲದ್ದು. ಕಟ್ಟಲು ಹೋದೆ.

“ಅದಲ್ಲ ದೋನ್ಯಾ. ಆ ಸಾಲಿನಲ್ಲಿರೋದನ್ನ ಕಟ್ಟಿ.”

“ಅದು ಒರಟು ಕಣೆ. ಇದು ನೋಡು, ನಮ್ಮೂರಿನ ಗಿಡಾನೇ ಎದ್ದು ಬಂದ ಹಾಗಿದೆ.”

“ಅದು ಪೇಲವ. ಒಂದು ಚಳಿಮಂಜಿಗೆ ಮಲಗುತ್ತೆ. ನೀವು ನೋಡ್ತಿರೋದು ಗಿಡಾನಾ ಫೋಟೋನಾ?”

“ಎವೇಲಿಯೊ ಪ್ರತಿ ವರ್ಷ ಇಂಥದ್ದನ್ನೇ ಅಲ್ವಾ ಆರಿಸ್ತಿದ್ದಿದ್ದು?”

“ಇಲ್ಲ. ಒಂದು ವರ್ಷಾನೂ ಇಲ್ಲ. ಹಿಂದೆ ಚೀಲ ಹಿಡ್ಕೊಂಡು ನಿಲ್ತಿದ್ದೋಳು ನಾನು, ನೀವಲ್ಲ.”

“ಹಾಗಾದ್ರೆ ಮಾವನ ಬೀಜ ಕೆಡುತ್ತಲ್ಲೇ!”

ಅವಳು ಚೀಲಗಳನ್ನು ಕೆಳಗೆ ಹಾಕಿ ಸಾಲಿನ ಮಧ್ಯೆಯೇ ಕೂತುಬಿಟ್ಟಳು. “ಅದು ನಿಮ್ಮ ಮಾವನ ಬೀಜ ಅಲ್ಲ ದೋನ್ಯಾ. ಗೋರಿ ಮುಂದೆ ನೀವು ಕಾಗದ ಓದಿದಾಗಿಂದ ನಂಗೆ ನಿದ್ದೆ ಇಲ್ಲ. ಹೇಳ್ಬೇಡ ಅಂತ ದೋನ್ ಎವೇಲಿಯೊ ಮಾತು ತಗೊಂಡಿದ್ರು. ಸತ್ತೋರಿಗೆ ಕೊಟ್ಟ ಮಾತು, ಏನು ಮಾಡ್ಲಿ?”

ಎಂಬತ್ತಾರರಲ್ಲಿ ಯುದ್ಧ ಮನೆಬಾಗಿಲಿಗೆ ಬಂದಾಗ ನಾವು ಗಡಿ ದಾಟಿ ಓಡಿದೆವು. ಬೀಜದ ಸೀಸೆ ಎವೇಲಿಯೊನ ಜೇಬಿನಲ್ಲಿತ್ತು, ಅದು ನನಗೆ ಗೊತ್ತು. ಹೊಂಡುರಾಸ್‌ನ ಆ ಸೋರುವ ಬಾಡಿಗೆ ಕೋಣೆಯಲ್ಲಿ ಬೀಜ ಕೊಳೆತುಹೋದದ್ದು ನನಗೆ ಗೊತ್ತಿರಲಿಲ್ಲ. ಬಿತ್ತಿ ನೋಡಿದನಂತೆ, ಒಂದೂ ಮೊಳೆಯಲಿಲ್ಲವಂತೆ. ನನಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತೊಂಬತ್ತರಲ್ಲಿ ಯುದ್ಧ ಮುಗಿದು ನಾವು ವಾಪಸ್ ಬಂದ ಮಾರನೇ ದಿನ ತೊಮಾಸಾ ಅವನನ್ನು ಎಲೆಮನೆಯ ಹಿಂದಕ್ಕೆ ಕರೆದೊಯ್ದಳು. ನಾವು ಬಿಟ್ಟುಹೋದ ಗಿಡಗಳು ಹೂ ಬಿಟ್ಟು, ಬೀಜ ಉದುರಿಸಿ, ತಾವೇ ಹುಟ್ಟಿ, ಮತ್ತೆ ಉದುರಿಸಿ, ನಾಲ್ಕು ವರ್ಷ ಯಾರ ನೀರೂ ಇಲ್ಲದೆ ಉಳಿದಿದ್ದವು. ಹನ್ನೊಂದು ಗಿಡ. ಆ ನಾಲ್ಕೂ ವರ್ಷ ಬೇಲಿಯಾಚೆ ಸಹಕಾರ ಸಂಘದವರು ಎಸ್ತೆಲಿಯ ದಪ್ಪ ಎಲೆಯ ತಂಬಾಕು ಬೆಳೆದಿದ್ದರು. ಚೀಲ ಕಟ್ಟುವವರು ಯಾರು? ಎಲ್ಲ ಬೆರಕೆ.

“ದೋನ್ ಎವೇಲಿಯೊ ಮಂಡಿಯೂರಿ ಕೂತು ಒಂದೊಂದು ಗಿಡಾನೂ ಮುಟ್ಟಿದ್ರು. ‘ಇವು ನಮಗಿಂತ ಗಟ್ಟಿ ತೊಮಾಸಾ, ಓಡಿಹೋಗ್ಲಿಲ್ಲ’ ಅಂದ್ರು. ಅವತ್ತಿಂದ ಅದೇ ಬೀಜ. ಪ್ರತಿ ವರ್ಷ ಮಂಜಿಗೆ ಜಗ್ಗದ್ದನ್ನ, ಬೂಷ್ಟು ಹತ್ತದ್ದನ್ನ, ಮುರಿದ್ರೂ ಚಿಗುರೋದನ್ನ ಆರಿಸ್ತಿದ್ರು.”

ನಾನು ಅವಳಿಗೆ ಏನು ಹೇಳಿದೆನೋ ಗೊತ್ತಿಲ್ಲ. ಒಳ್ಳೆಯದನ್ನಂತೂ ಹೇಳಲಿಲ್ಲ.

ಡಿಸೆಂಬರ್ 18

ಎವೇಲಿಯೊನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿದ್ದೇನೆ.

ಡಿಸೆಂಬರ್ 21

ಧೂಳು ಒರೆಸುವಾಗ ಈ ಕಡೆ ತಿರುಗಿಸಿದೆ. ಮಾತಾಡಿಲ್ಲ.

ಡಿಸೆಂಬರ್ 25

ತೊಮಾಸಾ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಮೆಕ್ಕೆಜೋಳದ ಕಡುಬು, ನಕತಮಾಲ್, ತಂದು ಬಾಗಿಲಲ್ಲಿ ಇಟ್ಟು, ಕೂಗದೆ ಹೋದಳು. ಬಿಸಿಯಾಗಿತ್ತು. ನಾಲ್ಕನ್ನೂ ತಿಂದೆ. ಸಿಟ್ಟಿಗೆ ಹಸಿವು ಜಾಸ್ತಿ.

ತಿನ್ನುತ್ತಾ ನೆನಪಾಯಿತು. ತೊಂಬತ್ತೊಂದರಲ್ಲಿ, ವಾಪಸ್ ಬಂದ ಮೇಲಿನ ಮೊದಲ ಫಸಲು. ಮೇಜಿನ ಮೇಲೆ ಎಲೆ ಹರವಿದಾಗ ನನ್ನ ಬೆರಳಿಗೆ ತಿಳಿದಿತ್ತು. ತುಸು ದಪ್ಪ. ಎಳೆದರೆ ರಬ್ಬರಿನ ಹಾಗೆ ಬಂದು ವಾಪಸ್ ಹೋಗುತ್ತಿತ್ತು. “ಇದು ನಮ್ಮ ಎಲೆ ಹಾಗಿಲ್ಲವಲ್ಲೋ” ಅಂದಿದ್ದೆ. ಎವೇಲಿಯೊ ಬಾಗಿಲಲ್ಲಿ ನಿಂತಿದ್ದ. “ಮಣ್ಣು ನಾಲ್ಕು ವರ್ಷ ಸುಮ್ಮನೆ ಬಿದ್ದಿತ್ತಲ್ಲ, ಅದಕ್ಕೆ” ಅಂದ. ನಾನು ಒಪ್ಪಿಕೊಂಡೆ. ಐವತ್ತು ವರ್ಷ ಎಲೆ ಮುಟ್ಟಿದ ಬೆರಳು ಹೇಳಿದ್ದನ್ನು ಬಿಟ್ಟು ಅವನು ಹೇಳಿದ್ದನ್ನು ಒಪ್ಪಿಕೊಂಡೆ. ನನಗೂ ಅದೇ ಬೇಕಾಗಿತ್ತು ಅಂತ ಕಾಣುತ್ತದೆ.

ಹತ್ತು ವರ್ಷ ಒಬ್ಬನೇ ಹೊತ್ತುಕೊಂಡು ಓಡಾಡಿದ್ದಾನೆ, ಪಾಪ.

ಜನವರಿ 19, 1997

ಭಾವನ ಕಾಗದ. ಅಕ್ಷರ ಅವರದಲ್ಲ, ಮಗಳು ನೀಲ್ಡಾ ಬರೆದಿದ್ದಾಳೆ. ಭಾವನ ಕಣ್ಣು ಪೂರ್ತಿ ಹೋಯಿತಂತೆ. ಜಗಲಿಯ ಮೇಲೆ ಕೂತು ಹೋಗುವವರನ್ನೆಲ್ಲ ಕರೆದು, ನನ್ನ ತಮ್ಮ ಪರದೇಶದಲ್ಲಿ ಅಪ್ಪನ ಬೀಜವನ್ನು ಮೂವತ್ತು ವರ್ಷ ಕಾಪಾಡಿದ ಎಂದು ಹೇಳುತ್ತಾರಂತೆ. ಊರಿನವರು ಬೇಸತ್ತಿದ್ದಾರಂತೆ, ಆದರೂ ಕೇಳುತ್ತಾರಂತೆ.

ಏನು ಮಾಡಲಿ? ಕಳಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಲೆ ಬೇರೆ ಥರ ಬಂದರೆ ಅಲ್ಲಿಯೂ ಮಣ್ಣಿನ ಮೇಲೆ ಹಾಕಬಹುದು. ಮಣ್ಣು ಯಾವತ್ತೂ ಬಂದು ಸಾಕ್ಷಿ ಹೇಳುವುದಿಲ್ಲ. ಹೇಳಿದರೋ, ಕಾಗದವನ್ನು ನೀಲ್ಡಾ ಜಗಲಿಯಲ್ಲೇ ಗಟ್ಟಿಯಾಗಿ ಓದುತ್ತಾಳೆ. ಊರಿನಲ್ಲಿ ಎವೇಲಿಯೊಗೆ ಉಳಿದಿರುವುದು ಅದೊಂದೇ ಹೆಸರು. ಅದನ್ನೂ ನಾನೇ ಅಳಿಸಲೇ?

ತೊಮಾಸಾ ಮತ್ತೆ ಒಳಗೆ ಬರುತ್ತಿದ್ದಾಳೆ. ನಾನು ಕರೆದೆ ಅಂತಲ್ಲ. ನಮ್ಮೂರಿನವರು ತಿನ್ನುವ ಕಪ್ಪು ಬೀನ್ಸ್ ಖಾಲಿಯಾಗಿತ್ತು, ಅವಳ ಊರಿನವರ ಕೆಂಪು ಕಾಳು ಬೇಯಿಸಿದೆ. ಚೆನ್ನಾಗಿಯೇ ಇತ್ತು.

ಫೆಬ್ರವರಿ 23

ಬೀಜದ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿವೆ, ಅಲ್ಲಾಡಿಸಿದರೆ ಮರಳಿನ ಸದ್ದು. ತೊಮಾಸಾ ಆರಿಸಿದ ಗಿಡಗಳವೇ. ನಾನು ಕಟ್ಟಲು ಹೋದ ಆ ತೆಳು ಎಲೆಯ ಗಿಡ ಜನವರಿಯ ಮಂಜಿಗೆ ಮಲಗಿತು. ಅವಳು ಅದನ್ನು ಕಿತ್ತು ಬದುವಿನ ಮೇಲೆ ಹಾಕಿ ಮುಂದಿನ ಸಾಲಿಗೆ ಹೋದಳು, ಅದೇ ಹೆಚ್ಚು ಚುಚ್ಚಿತು.

ನಮ್ಮ ಶಾಲೆಯ ಸಿಸ್ಟರ್ ಪಿಯಾ ಮಾರ್ಚ್‌ನಲ್ಲಿ ಕ್ಯೂಬಾಕ್ಕೆ ಹೋಗುತ್ತಾರೆ. ಕೈಯಲ್ಲಿ ಒಯ್ದುಕೊಡಲು ಒಪ್ಪಿದ್ದಾರೆ. ಕಾಗದ ಬರೆಯಲು ಕೂತಾಗ ತೊಮಾಸಾ ಎದುರು ಕೂತಳು. ಈಗ ಅವಳದೇ ಉಲ್ಟಾ ಮಾತು.

“ಬರೀಬೇಡಿ ದೋನ್ಯಾ. ಕಣ್ಣಿಲ್ಲದ ಮುದುಕ, ಇನ್ನೆಷ್ಟು ದಿನ? ಅಪ್ಪಂದು ಅಂತ ಸೇದಿ ಖುಷಿಯಾಗಿ ಹೋಗ್ಲಿ.”

“ನಂಗೆ ಹೇಳಿದ್ಯಲ್ಲ? ನಂಗಾದ್ರೆ ಪರವಾಗಿಲ್ವಾ?”

“ನೀವು ಗಟ್ಟಿ. ಬೈದು ಸರಿಹೋದ್ರಿ.”

“ಕೇಳು. ನಾನು ಹದಿನಾಲ್ಕನೇ ವಯಸ್ಸಿಂದ ಮೇಜಿನ ಮುಂದೆ ಕೂತೋಳು. ಎಲೆ ಹರಿದಿದ್ದೀನಿ, ಕದ್ದು ಸೇದಿದ್ದೀನಿ, ಮೇಲ್ವಿಚಾರಕಿ ಮೇಲೆ ಹಾಡು ಕಟ್ಟಿದ್ದೀನಿ. ಆದ್ರೆ ಒಂದು ಎಲೇನ ಅದರದಲ್ಲದ ರಾಶಿಗೆ ಯಾವತ್ತೂ ಹಾಕಿಲ್ಲ. ಬೇರೆ ಹೆಸರಲ್ಲಿ ಹೋದ ಎಲೆ, ಎಷ್ಟೇ ಚೆನ್ನಾಗಿರ್ಲಿ, ಅದು ಚೆನ್ನಾಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ ಕಣೆ.”

ಆಮೇಲೆ ಬರೆದೆ. “ಭಾವ, ಇದು ಮಾವನ ಬೀಜವಲ್ಲ. ಅದು ಎಂಬತ್ತಾರರ ಮಳೆಗೆ ಕೊಳೆಯಿತು. ಇದು ನಾವು ಬಿಟ್ಟು ಓಡಿದಾಗ ಇಲ್ಲೇ ನಿಂತು ಉಳಿದ ಹನ್ನೊಂದು ಗಿಡಗಳದು, ಬೆರಕೆಯಾದದ್ದು. ಆಮೇಲೆ ಆರು ವರ್ಷ ನಿಮ್ಮ ತಮ್ಮ ಆರಿಸಿದ್ದು. ನಿಮಗೆ ಹೇಳಲು ಅವನಿಗೆ ನಾಚಿಕೆಯಾಯಿತು, ನನಗೂ ಹೇಳಲಿಲ್ಲ. ಬೇಕಿದ್ದರೆ ಬಿತ್ತಿ, ಬೇಡದಿದ್ದರೆ ಎಸೆಯಿರಿ. ಅವನನ್ನು ಮಾತ್ರ ಬೈಯಬೇಡಿ.”

ಮಾರ್ಚ್ 9

ಸಿಸ್ಟರ್ ಪಿಯಾ ಬೆಳಗಿನ ಬಸ್ಸಿಗೆ ಹೊರಟರು. ಬೀಜ ಪೌಡರ್ ಡಬ್ಬಿಯಲ್ಲಿದೆ. “ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ, ಅದಕ್ಕೆ ಯಾರೂ ಕೇಳದೇ ಇರ್ಲಿ ಅಂತ ಪ್ರಾರ್ಥನೆ ಮಾಡ್ತೀನಿ” ಅಂದರು. ಬಸ್ಸು ತಿರುವು ದಾಟಿದ ಕೂಡಲೇ ಕಾಗದವನ್ನು ಕಿತ್ತುಕೊಳ್ಳಬೇಕು ಅನ್ನಿಸಿ ನಾಲ್ಕು ಹೆಜ್ಜೆ ಓಡಿದೆ. ಅರವತ್ತಾರನೇ ವಯಸ್ಸಿಗೆ ಬಸ್ಸಿನ ಹಿಂದೆ ಓಡುವ ಹೆಂಗಸನ್ನು ನೋಡಿ ಸಂತೆಯವರು ನಕ್ಕರು.

ಜುಲೈ 6

ಕಾಗದ ಇಲ್ಲ.

ಅಕ್ಟೋಬರ್ 1

ಕಾಗದ ಇಲ್ಲ. ಬಿತ್ತನೆ ಮುಗಿಯಿತು, ಈ ಸಲ ನಾನೇ ಚಿಮುಕಿಸಿದೆ. ತೊಮಾಸಾ ಒಂದೇ ಕಡೆ ತಪ್ಪು ಹಿಡಿದಳು.

ಭಾವನಿಗೆ ಸಿಟ್ಟು ಬಂದಿದೆ. ಅಥವಾ ಅದನ್ನು ಕೇಳಿಯೇ ಹೋಗಿಬಿಟ್ಟರೋ. ರಾತ್ರಿ ಇದನ್ನು ಯೋಚಿಸಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಜನವರಿ 30, 1998

ಎಸ್ತೆಲಿಯ ಕಾರ್ಖಾನೆಯಿಂದ ಒಬ್ಬ ಬಂದಿದ್ದ, ಹೊಳೆಯುವ ಬೂಟಿನವನು. ಎಲೆಮನೆಯಲ್ಲಿ ಹೋದ ವರ್ಷದ ಎಲೆ ಮೂಸಿ, “ಅಬ್ಬಾ ದೋನ್ಯಾ, ಕಣ್ಣು ಮುಚ್ಕೊಂಡ್ರೆ ಥೇಟ್ ಕ್ಯೂಬಾದ್ದೇ!” ಅಂದ. ಹೊಗಳಿಕೆ ಅಂತಲೇ ಅಂದದ್ದು. ನನಗೆ ಎಲ್ಲಿತ್ತೋ ಸಿಟ್ಟು, “ಕಣ್ಣು ಯಾಕಪ್ಪಾ ಮುಚ್ಕೊಳ್ತೀಯಾ? ತೆರೆದು ನೋಡು. ಹಲಾಪದ ಎಲೆಗೆ ಅದರದೇ ಮುಖ ಇದೆ” ಅಂದುಬಿಟ್ಟೆ. ಅವನು ಕಕ್ಕಾಬಿಕ್ಕಿಯಾದ. ತೊಮಾಸಾ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ರಕ್ತದೊತ್ತಡ ಹೆಚ್ಚಾಗಿರಬೇಕು, ಡಾಕ್ಟರಿಗೆ ತೋರಿಸಬೇಕು.

ಏಪ್ರಿಲ್ 26

ನೀಲ್ಡಾ ಬರೆದಿದ್ದಾಳೆ. ಮೂರು ಹಾಳೆ. ಬಾಗಿಲಲ್ಲೇ ನಿಂತು ಎರಡು ಸಲ ಓದಿದೆ. ಪೂರ್ತಿ ನಕಲು ಮಾಡುವುದಿಲ್ಲ, ಈ ಭಾಗ ಮಾತ್ರ:

“ಚಿಕ್ಕಮ್ಮ, ನಿಮ್ಮ ಕಾಗದ ಓದಿ ಹೇಳಿದ ದಿನ ಅಪ್ಪ ಊಟ ಬಿಟ್ಟರು. ಉತ್ತರ ಬರೆಯಲೇ ಎಂದರೆ ಬೇಡ ಎಂದರು, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಬೀಜ ಎಸೆಯಲೇ ಎಂದರೆ ಅದೂ ಬೇಡ ಎಂದರು. ಸೆಪ್ಟೆಂಬರ್ ಬಂದಾಗ ತಾವೇ ಡಬ್ಬಿ ಕೇಳಿದರು. ಅರವತ್ತು ಗಿಡ ಬಂತು. ಕಣ್ಣು ಕಾಣದಿದ್ದರೂ ದಿನಾ ಸಾಲಿನಲ್ಲಿ ನಡೆದು ಒಂದೊಂದು ಎಲೆಯನ್ನೂ ಸವರುತ್ತಿದ್ದರು. ಪಕ್ಕದ ಹೊಲಕ್ಕೆ ಮತ್ತೆ ನೀಲಿ ಬೂಷ್ಟು ಬಂತು, ಇದಕ್ಕೆ ಹತ್ತಲಿಲ್ಲ. ನೋಡಲು ಬಂದವರೆಲ್ಲ ‘ಹಲಾಪದ್ದು’ ಎಂದೇ ಕರೆಯುತ್ತಾರೆ.

ಮಾರ್ಚ್ ಕೊನೆಗೆ ಒಂದು ಸುರುಟು ಸುತ್ತಿ ಕೊಟ್ಟೆ. ಜಗಲಿಯ ತುಂಬ ಜನ. ಅಪ್ಪ ನಿಧಾನವಾಗಿ ಅರ್ಧ ಸೇದಿದರು. ಯಾರೋ ತಡೆಯಲಾರದೆ ‘ಹೆಂಗಿದೆ ದೋನ್ ಫಾಬಿಯಾನ್, ನಿಮ್ಮಪ್ಪಂದೇನಾ?’ ಎಂದರು. ಅಪ್ಪ ತಲೆ ಅಲ್ಲಾಡಿಸಿದರು. ‘ಅಪ್ಪಂದಲ್ಲ. ಅಪ್ಪಂದು ಮೆತ್ತಗೆ ಬಂದು ಮೆತ್ತಗೆ ಹೋಗ್ತಿತ್ತು. ಇದು ಸಿಹಿಯಾಗಿ ಶುರುವಾಗಿ ಆಮೇಲೆ ಹಠ ಹಿಡಿಯುತ್ತೆ. ಇದು ಎವೇಲಿಯೊ. ಅವನನ್ನ ನೋಡಿ ಮೂವತ್ನಾಲ್ಕು ವರ್ಷ ಆಯ್ತು. ನೀವೆಲ್ಲ ಸ್ವಲ್ಪ ಎದ್ದು ಹೋಗಿ, ನಾನು ನನ್ನ ತಮ್ಮನ ಜೊತೆ ಕೂತ್ಕೊಳ್ತೀನಿ’ ಎಂದರು. ನಾವೆಲ್ಲ ಎದ್ದು ಒಳಗೆ ಹೋದೆವು.”

ತೊಮಾಸಾಳನ್ನು ಕೂಗಿ ಕರೆದು ಓದಿ ಹೇಳಿದೆ. ಇಬ್ಬರೂ ಅತ್ತೆವು. ಅಳುತ್ತಲೇ ಅವಳು, “ಹಠ ಅಂತೂ ಹೌದಪ್ಪಾ, ದೋನ್ ಎವೇಲಿಯೊಂದೇ” ಅಂದಳು. ನನಗೆ ಅವನು ಬಾಗಿಲಲ್ಲಿ ನಿಂತ ಹಾಗೆಯೇ ಆಯಿತು. ಒಂದು ವರ್ಷದಿಂದ ಎದೆಯ ಮೇಲಿದ್ದದ್ದು ಇಳಿಯಿತು.

ಕೊನೆಯ ಹಾಳೆಯಲ್ಲಿ ನೀಲ್ಡಾ ಕೇಳಿದ್ದಾಳೆ, ಬರುವ ವರ್ಷ ಬೀಜಕ್ಕೆ ಎಂಥ ಗಿಡ ಆರಿಸಬೇಕು, ಚೀಲ ಯಾವಾಗ ಕಟ್ಟಬೇಕು, ಅಲ್ಲಿ ಈಗ ಅದು ತಿಳಿದವರು ಯಾರೂ ಉಳಿದಿಲ್ಲವಂತೆ. ನಾಳೆ ಕೂತು, ಇಲ್ಲಿ, ನಮ್ಮೂರಲ್ಲಿ, ಹೇಗೆ ಮಾಡುತ್ತೇವೆ ಅಂತ ಅವಳಿಗೆ ಬಿಡಿಸಿ ಬರೆಯಬೇಕು.